ಜರುಗಿದ ಗೆರೆ

ನನ್ನ ಗಂಡ ಎಸೆದ ಷೇರು ಚಾರ್ಟುಗಳ ಕಾಗದದಲ್ಲೇ ನಾನು ಕಾಲರಿನ ಅಚ್ಚು ಕತ್ತರಿಸಿಟ್ಟುಕೊಳ್ಳುವುದು. ಒಳ್ಳೆಯ ದಪ್ಪ ಕಾಗದ, ಯಾಕೆ ದಂಡ ಮಾಡಬೇಕು? ಅದರಿಂದಲೇ ಇವರ ಬಂಡವಾಳ ಬಯಲಾಯಿತು.

ಅಂಚು ಹೊಲಿಯುವ ಯಂತ್ರಕ್ಕೆಂದು ನಾಲ್ಕು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದೆ. ಯಂತ್ರ ಬಂದರೆ ಆಸ್ಪತ್ರೆಯ ಇನ್ನೂರು ಕೋಟುಗಳ ಕೆಲಸ ನನ್ನದು. ತಿಂಗಳೊಳಗೆ ಬರದಿದ್ದರೆ ಎದುರಂಗಡಿಯವನದು. "ಎರಡೇ ವಾರ ಕೊಡು, ಯಂತ್ರದ ಜೊತೆ ಹೊಸ ಮೇಜೂ ಬರುತ್ತೆ" ಎಂದು ಇವರು ಅಷ್ಟನ್ನೂ ಒಂದೇ ಷೇರಿಗೆ ಸುರಿದರು.

ಷೇರು ಇಳಿಯತೊಡಗಿತು. ಇವರು ಚಾರ್ಟು ಮುದ್ರಿಸಿ, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲ್ಗಡೆ ಗೋಡೆಗೆ ಅಂಟಿಸಿ, ನನ್ನದೇ ಸ್ಕೇಲು ಹಿಡಿದು ಪಾಠ ಮಾಡಿದರು.

"ಇದು ಫಿಬೊನಾಚಿ ಲೆಕ್ಕ. ಎರಡು, ಮೂರು, ಐದು, ಎಂಟು, ಹದಿಮೂರು... ಒಂದೊಂದನ್ನೂ ಮುಂದಿನದರಿಂದ ಭಾಗಿಸ್ತಾ ಹೋದ್ರೆ ಅರವತ್ತೊಂದು ಪಾಯಿಂಟ್ ಎಂಟು ಪರ್ಸೆಂಟಿಗೆ ಬಂದು ನಿಲ್ಲುತ್ತೆ. ಏರಿದ್ದರಲ್ಲಿ ಅಷ್ಟು ಇಳಿದ ಮೇಲೆ ಷೇರು ಮತ್ತೆ ಏಳುತ್ತೆ. ಈ ಕೆಂಪು ಗೆರೆ ದಾಟಲ್ಲ."

ದಾಟಿತು. ಹೊಸ ಹಾಳೆ ಬಂತು, ಕೆಂಪು ಗೆರೆ ಇನ್ನೂ ಕೆಳಗಿತ್ತು. ಅದನ್ನೂ ದಾಟಿತು. ಮೂರನೆಯ ಹಾಳೆ ಬಂದ ಬೆಳಿಗ್ಗೆ, ಕಾಲರಿಗೆಂದು ಮೊದಲ ಹಾಳೆ ಎತ್ತಿಕೊಂಡವಳು ಸುಮ್ಮನೆ ಗೋಡೆಯ ಹಾಳೆಯ ಪಕ್ಕ ಹಿಡಿದೆ. ಏರಿದ ತುದಿ ಎರಡರಲ್ಲೂ ಅದೇ. ಅಳತೆ ಶುರುವಾಗುವ ತಳದ ಚುಕ್ಕಿ ಮಾತ್ರ ಬೇರೆ. ಗೆರೆ ಮುರಿದಾಗಲೆಲ್ಲ ಇವರು ಇನ್ನೂ ಹಳೆಯ, ಇನ್ನೂ ಕೆಳಗಿನ ಚುಕ್ಕಿ ಹುಡುಕಿ ಅಲ್ಲಿಂದ ಅಳೆದಿದ್ದರು.

ಆ ಹಾಳೆಯನ್ನು ಇವರ ಮುಖದ ಮುಂದೆ ಹಿಡಿದೆ.

"ಎಲ್ಲಿಂದ ಅಳೀಬೇಕು ಅನ್ನೋದನ್ನ ಆಮೇಲೆ ತೀರ್ಮಾನ ಮಾಡ್ತೀರಾ?"

"ಅದು ಅನುಭವದ ಮೇಲೆ ಗೊತ್ತಾಗೋದು. ನಿಂಗೆ ಅರ್ಥ ಆಗಲ್ಲ."

"ಪ್ಯಾಂಟು ಗಿಡ್ಡ ಆಯ್ತು ಅಂದ್ರೆ, ಟೇಪನ್ನ ಸೊಂಟ ಬಿಟ್ಟು ಎದೆಯಿಂದ ಹಿಡಿದು ಉದ್ದ ಸರಿಯಾಗೇ ಇದೆ ಅಂತೀನಾ ನಾನು? ಗಿರಾಕಿ ಕಪಾಳಕ್ಕೆ ಬಾರಿಸ್ತಾನೆ! ಮಾರಿ. ಈಗಲೇ ಮಾರಿ."

ಪಕ್ಕದಲ್ಲಿ ನಿಂತು ಮಾರಿಸಿದೆ. ಉಳಿದದ್ದು ಅರ್ಧಕ್ಕೂ ಕಡಿಮೆ. ಇನ್ನೂರು ಕೋಟು ಎದುರಂಗಡಿಗೆ ಹೋದವು.

ಮಾರಿದ ನಾಲ್ಕನೆಯ ದಿನ ಷೇರು ಏರಿತು. ಸರಿಯಾಗಿ ಆ ಮೂರನೆಯ ಗೆರೆಯಿಂದ.

"ನೋಡಿದ್ಯಾ? ನಾನು ಹೇಳಿರಲಿಲ್ವಾ?" ಇವರ ಮುಖದಲ್ಲಿ ನಷ್ಟದ ಸುಳಿವೇ ಇಲ್ಲ. ಗೋಡೆ ತುಂಬ ಮೊಳೆ ಹೊಡೆದರೆ ಅಂಗಿ ಯಾವುದಕ್ಕಾದರೂ ಸಿಕ್ಕಿಕೊಳ್ಳಲೇಬೇಕು. ಯಾರಿಗೆ ಹೇಳಲಿ? ಮಧ್ಯಾಹ್ನದೊಳಗೆ ಅತ್ತೆಗೆ, ನಾದಿನಿಗೆ, ಎದುರಂಗಡಿಯವನಿಗೂ ಸುದ್ದಿ ಮುಟ್ಟಿತ್ತು: ಗೆರೆ ಸರಿಯಾಗಿತ್ತು, ಅವಸರ ಮಾಡಿ ಕೆಡಿಸಿದವಳು ಹೆಂಡತಿ.

"ಸ್ವಲ್ಪ ತಾಳ್ಮೆ ಇರ್ಬೇಕಿತ್ತು ಕಣಮ್ಮ" ಎಂದರು ಅತ್ತೆ. ನಾನು ಕೈಸೂಜಿಯಲ್ಲಿ ಅಂಚು ಹೊಲಿಯುತ್ತಿದ್ದೆ. ಆ ಮೂರನೆಯ ಹಾಳೆಯನ್ನೂ ಕಿತ್ತು ಕಾಲರಿಗೆ ಕತ್ತರಿಸಿಬಿಡೋಣವೆಂದು ಎದ್ದರೆ ಗೋಡೆ ಖಾಲಿ.

ಸಂಜೆ ಇವರು ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿಕೊಂಡು ಬಂದರು. ಉಳಿದಿದ್ದ ನನ್ನ ದುಡ್ಡಿನಲ್ಲಿ. ಮೊಳೆ ಎಲ್ಲಿದೆ ಎಂದು ನನ್ನನ್ನೇ ಕೇಳಿದರು.