ಮಕಾಡೆ ಹಾಕಿದ ತಟ್ಟೆ

“ಹಲ್ಲು ಕಿತ್ತ ಮ್ಯಾಗೂ ಕಚ್ಚತೈತಿ ಅಂದ್ರ, ಅದು ಮೊದಲಿಂದ ಹಲ್ಲಿಲೆ ಕಚ್ಚತಿರಲಿಲ್ಲ ಅಂತಾತಲ್ರೀ ಬಾಯಾರ,” ಎಂದಳು ಶಿವವ್ವ, ತೊಳೆದ ಬಾಟಲಿಗಳನ್ನು ಸಾಲಿಗಿಡುತ್ತ.

ಮನೀಷಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಮೂರು ವರ್ಷದ ಸಂಶೋಧನೆ ಬಿದ್ದುಹೋದ ಬಗೆಯನ್ನು ಅಷ್ಟು ಚೊಕ್ಕವಾಗಿ ಅವಳ ಗುರು ಧರ್ಮರಾಜ ಸರ್ ಕೂಡ ಹೇಳಿರಲಿಲ್ಲ.

ಜಮಖಂಡಿಯ ಕಾಲೇಜೊಂದರ ಹಿಂದುಗಡೆ ಇವರದೊಂದು ಸಣ್ಣ ಪ್ರಯೋಗಾಲಯ. ಮನೀಷಾ ತೇರದಾಳದಿಂದ, ಅಲ್ಲಿನ ಸಹಾಯಕಿ ಶಿವವ್ವ ಬನಹಟ್ಟಿಯಿಂದ ದಿನಾ ಬಸ್ಸಿಗೆ ಬರುವವರು. ಕೆಲಸ ಟುಲರೀಮಿಯದ ಮೇಲೆ. ಮೊಲದ ಜ್ವರ ಅಂದರೆ ಜನಕ್ಕೆ ಬೇಗ ತಿಳಿಯುತ್ತದೆ. ಮೊಲ, ಇಲಿ, ಉಣ್ಣೆಗಳಿಂದ ಮನುಷ್ಯನಿಗೆ ಹತ್ತುವ, ದೂರದ ತಣ್ಣನೆಯ ದೇಶಗಳ ಕಾಯಿಲೆ ಅದು. ಅದರ ಅಸಲು ರೋಗಾಣು ಎಂಥ ಕೇಡಿ ಅಂದರೆ ಹತ್ತಿಪ್ಪತ್ತು ಒಳಹೊಕ್ಕರೂ ಆಳು ಮಲಗಿಬಿಡುತ್ತಾನೆ. ಹಾಗಾಗಿ ಅದು ಇಲ್ಲಿಗೆ ಬಂದದ್ದೇ ಇಲ್ಲ. ಇಲ್ಲಿದ್ದದ್ದು ಅದರ ಸಾಧು ದಾಯಾದಿ, ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ತಗಲದ್ದು. ಶಿವವ್ವನ ಬಾಯಲ್ಲಿ ಎರಡೂ ಹುಳವೇ.

ಈ ಹುಳದ ಆಟ ನೋಡಿ. ನಮ್ಮ ಮೈಯಲ್ಲಿ ಕಾವಲು ಕೋಶಗಳಿರುತ್ತವೆ. ಹೊರಗಿನದು ಏನೇ ಬಂದರೂ ನುಂಗಿ, ಒಂದು ಚೀಲದೊಳಗೆ ಹಾಕಿ ಅರಗಿಸುವುದೇ ಅವುಗಳ ಉದ್ಯೋಗ. ಈ ಹುಳ ಮಾತ್ರ ಆ ಚೀಲ ಹರಿದು ಹೊರಬಿದ್ದು, ಕಾವಲುಗಾರನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ. ಚೀಲ ಹರಿಯಲು ಅದಕ್ಕೊಂದು ವಂಶವಾಹಿ ಬೇಕೇಬೇಕು ಎಂದು ಮನೀಷಾ ನಂಬಿದ್ದಳು. ಶಿವವ್ವ ಹೇಳುವ ಹಲ್ಲು ಅದೇ. ಅದನ್ನೇ ಕಿತ್ತು ಬೋಳು ಹುಳ ಮಾಡಿದ್ದಳು. ಬೋಳು ಹುಳ ಚೀಲದಲ್ಲೇ ಸಾಯಬೇಕು, ಹಲ್ಲಿದ್ದದ್ದು ಬೆಳೆಯಬೇಕು. ಆದರೆ ಮೂರು ಸಲ ಮಾಡಿದರೂ ಬೋಳು ಹುಳ ತುಳುಕುವಷ್ಟು ಬೆಳೆದು, ಹಲ್ಲಿದ್ದದ್ದೇ ಸೊರಗಿತ್ತು.

ನಾಳೆ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಈ ಕೆಲಸ ಮುಂದುವರಿಸುವುದೋ ಬಿಡುವುದೋ ಎಂದು ಪುಣೆಯ ಜೊತೆಗಾರರಿಗೆ ಸರ್ ಉತ್ತರ ಹೇಳಬೇಕಿತ್ತು. ಬಿಡುವುದು ಅಂದರೆ ಮನೀಷಾಳ ಹುಳವೆಲ್ಲ ಆವಿಯಲ್ಲಿ ಬೆಂದು ಚರಂಡಿಗೆ, ಅವಳು ಬೇರೆ ಯಾರದೋ ಕೆಲಸಕ್ಕೆ ಕೈಯಾಳು.

ಲೋಕ ಮುಳುಗಿದರೂ ಬಿ.ಎಸ್ಸಿ. ಹುಡುಗಿಯರ ಪಾಠ ನಿಲ್ಲುವುದಿಲ್ಲವಲ್ಲ. ಮಧ್ಯಾಹ್ನ ಅವರಿಗೆ ಪ್ರಯೋಗ ತೋರಿಸಬೇಕಿತ್ತು. ಮನೀಷಾ ಎಂದಿನಂತೆ ಹಾಳೆಯ ಮೇಲೆ ಗುಂಡಿ ತಟ್ಟೆಯ, ಅಂದರೆ ಸಾಲು ಗುಂಡಿಗಳಿರುವ ಪ್ಲಾಸ್ಟಿಕ್ ತಟ್ಟೆಯ, ಚಿತ್ರ ಬರೆದಳು. ಎಡಗಡೆಯ ಗುಂಡಿಗಳಿಗೆ ಸೊನ್ನೆ, ಅಂದರೆ ಹಲ್ಲಿದ್ದದ್ದು. ಬಲಗಡೆಯವಕ್ಕೆ ಗುಣಾಕಾರ, ಅಂದರೆ ಬೋಳು. ಹಾಳೆಯನ್ನೂ ಹೊಸ ತಟ್ಟೆಯನ್ನೂ ಶಿವವ್ವನ ಮುಂದಿಟ್ಟಳು. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಮನೀಷಾಳ ಎರಡೂ ಕೈ ಹುಳ ತುಂಬುವ ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಇಂದು ಏನೂ ತೋಚದೆ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

ಶಿವವ್ವ ತಟ್ಟೆಯನ್ನು ಮಕಾಡೆ ಹಾಕಿ, ಹಾಳೆ ನೋಡಿ ನೋಡಿ, ಎಡಗಡೆಗೆ ಸೊನ್ನೆ, ಬಲಗಡೆಗೆ ಗುಣಾಕಾರ ಬರೆದಳು. ಆಮೇಲೆ ತಟ್ಟೆಯನ್ನು ಮಗುಚಿ, ನೆಟ್ಟಗೆ ಮಾಡಿ ಮೇಜಿನ ಮೇಲಿಟ್ಟಳು.

ಮನೀಷಾ ಸ್ಟೂಲಿನಿಂದ ಎದ್ದಳು.

“ಶಿವವ್ವಾ, ತಳಕ್ಕ ಯಾಕ ಬರದಿ?”

“ಮುಚ್ಚಳದ ಮ್ಯಾಗ ಬರದ್ರ ಮುಚ್ಚಳ ಅದಲಬದಲ ಆಗತೈತ್ರೀ. ಅಂಚಿನ ಹೂವ ನೇಯುವಾಗೂ ಹಂಗ, ಚೆಂದನ ಮಕ ಕೆಳಗ ಇರತೈತಿ.”

“ಅಲ್ಲಬೇ, ತಳಕ್ಕ ಬರದು ಮಗುಚಿದ್ರ ಎಡಗಡೆದು ಬಲಕ್ಕ ಹೋಗಲಿಲ್ಲೇನು?”

ಶಿವವ್ವ ತಟ್ಟೆ ನೋಡಿದಳು, ಹಾಳೆ ನೋಡಿದಳು. ಅವಳು ಇಲ್ಲಿಗೆ ಬರುವ ಮುಂಚೆ ಸೀರೆ ನೇಯುವ ಕುಣಿಮಗ್ಗದಲ್ಲಿ ಇಪ್ಪತ್ತೆರಡು ವರ್ಷ ಕೂತವಳು. “ಸೀರಿಗೆ ಎರಡೂ ಅಂಚು ಒಂದ ನಮೂನಿ ಇರತಾವಲ್ರೀ ಬಾಯಾರ,” ಎಂದಳು ಮೆತ್ತಗೆ. “ಯಾವುದು ಯಾವ ಕಡೆ ಹೋದ್ರ ಏನಾಗಬೇಕಾಗೇತಿ?”

ಮನೀಷಾಳ ತಲೆ ಬಾಬಿನಿನಂತೆ ಗರಗರ ತಿರುಗಿತು. ಪ್ರತಿ ಸಲವೂ ಗುರುತು ಹಾಕಿದವಳು ಶಿವವ್ವ. ಹುಳ ತುಂಬಿದವಳು ತಾನು, ಅದೂ ಹಾಳೆ ನೋಡಿ, ಮೇಲಿನಿಂದ. ಗುಂಡಿಯಲ್ಲಿ ಕಾವಲು ಕೋಶಗಳನ್ನು ಸಾಕುವ ಕೆಂಪು ದ್ರವದ ಅಡಿಯ ಗುರುತು ಕಾಣುವುದೇ ಇಲ್ಲ. ಮರುದಿನ ಒಳಗಿನದನ್ನು ತೆಗೆದು, ಹುಳ ಬೆಳೆಸುವ ಅಗರ್ ಬಿಲ್ಲೆಗಳ ಮೇಲೆ ಬೆಳೆಸಿ ಎಣಿಸಿದವನು ಪ್ರಯೋಗಾಲಯದ ಇನ್ನೊಬ್ಬ ವಿದ್ಯಾರ್ಥಿ ವೀರೇಶ. ಎಣಿಸುವವನಿಗೆ ಯಾವ ಗುರುತಿನ ಅರ್ಥವೇನೆಂದು ಗೊತ್ತಿರಬಾರದೆಂಬ ನೇಮದಿಂದ ಅವನಿಗೆ ಹಾಳೆಯನ್ನೇ ತೋರಿಸಿರಲಿಲ್ಲ. ಅವನು ತಳದ ಗುರುತನ್ನಷ್ಟೇ ನೋಡಿ ಬರೆದುಕೊಂಡಿದ್ದ. ಸೊನ್ನೆಯನ್ನಾಗಲಿ ಗುಣಾಕಾರವನ್ನಾಗಲಿ ಯಾವ ಕಡೆಯಿಂದ ನೋಡಿದರೂ ಒಂದೇ, ತಿರುವಿದ್ದು ಗೊತ್ತಾಗುವುದಿಲ್ಲ. ಹಾಗಾದರೆ ಮೂರೂ ಸಲ ತುಳುಕುವಷ್ಟು ಬೆಳೆದದ್ದು ಹಲ್ಲಿದ್ದ ಹುಳವೇ?

ಅವಳು ಧರ್ಮರಾಜ ಸರ್ ಕೋಣೆಗೆ ನಡೆದದ್ದೋ ಓಡಿದ್ದೋ ಅವಳಿಗೇ ನೆನಪಿಲ್ಲ. ಹೇಳಿದ್ದು ಮಾತ್ರ ಹಿಂದುಮುಂದಾಗಿತ್ತು. ಸರ್ ಎರಡು ಸಲ ತಡೆದು, ಮೊದಲಿನಿಂದ ಹೇಳಿಸಿದರು. ಕೇಳಿದ ಮೇಲೆ ಕನ್ನಡಕ ತೆಗೆದಿಟ್ಟರು.

“ನಮಗ ಬೇಕಾದ ಉತ್ತರ ಬರಲಿ ಅಂತ ತಟ್ಟಿ ತಿರುವಿದ್ರ ಅದು ವಿಜ್ಞಾನ ಅಲ್ಲವಾ,” ಎಂದರು. “ಹುಳನ ಹೇಳಲಿ.”

ಹುಳದ ಬಾಯಿ ಬಿಡಿಸುವ ದಾರಿ ಮನೀಷಾಗೆ ಗೊತ್ತಿತ್ತು. ವಂಶವಾಹಿ ಕಿತ್ತ ಜಾಗದಲ್ಲಿ ಅವಳೇ ಇನ್ನೊಂದನ್ನು ಕೂರಿಸಿದ್ದಳು, ಕನಾಮೈಸಿನ್ ಎಂಬ ಔಷಧಕ್ಕೆ ಜಗ್ಗದಂಥದ್ದು. ಹಾಗಾಗಿ ಆ ಔಷಧ ಬೆರೆಸಿದ ಬಿಲ್ಲೆಯ ಮೇಲೆ ಬದುಕುವುದು ಬೋಳು ಹುಳ ಮಾತ್ರ. ಈ ಪರೀಕ್ಷೆಯನ್ನು ಮೊದಲ ಸಲವೇ ಯಾಕೆ ಮಾಡಲಿಲ್ಲ ಎಂದು ತನ್ನನ್ನೇ ಬೈದುಕೊಂಡಳು. ಪುಣ್ಯಕ್ಕೆ ವೀರೇಶ ಎಣಿಸಿಟ್ಟ ಬಿಲ್ಲೆಗಳು ಫ್ರಿಜ್ಜಿನಲ್ಲೇ ಇದ್ದವು. ಸರ್ ಅವಳನ್ನು ಮುಟ್ಟಗೊಡಲಿಲ್ಲ. ತಾವೇ ಕೈಗವಸು ತೊಟ್ಟು, ಮೂರು ಸಲದ ಸೊನ್ನೆಯಿಂದ ಮೂರು ಗೀರು, ಗುಣಾಕಾರದಿಂದ ಮೂರು ಗೀರು ಎಳೆದರು. ಔಷಧವಿಲ್ಲದ ಇನ್ನೊಂದು ಬಿಲ್ಲೆಯ ಮೇಲೂ ಅವೇ ಆರು. ಎರಡನ್ನೂ ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟರು.

ಸಂಜೆ ಬಸ್ಟ್ಯಾಂಡಿನಲ್ಲಿ ಶಿವವ್ವ, ಬನಹಟ್ಟಿ ಬಸ್ಸು ಹತ್ತುವ ಮುಂಚೆ, ಒಂದೇ ಮಾತು ಕೇಳಿದಳು: “ನಾ ಹಾಳ ಮಾಡಿದೆನೇನ್ರೀ?”

“ನಿನಗ ಹೆಂಗ ಬರೀಬೇಕಂತ ಯಾರು ಹೇಳಿಕೊಟ್ಟಿದ್ರು? ಹೇಳಿಕೊಡದವರದು ತಪ್ಪು,” ಎಂದಳು ಮನೀಷಾ. ಬಸ್ಸು ಹೊರಟ ಮೇಲೆ, ಅದು ತನಗೆ ತಾನೇ ಹೇಳಿಕೊಂಡದ್ದೂ ಆಯಿತಲ್ಲ ಅನ್ನಿಸಿತು.

ಮರುದಿನ ತೇರದಾಳದ ಮೊದಲ ಬಸ್ಸು ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿ ತೆವಳಿತು. ಮನೀಷಾ ಕೂರಲಾರದೆ ಎದ್ದು, ಬಾಗಿಲ ಕಂಬಿ ಹಿಡಿದೇ ಬಂದಳು. ಪಕ್ಕದಲ್ಲಿದ್ದ ಮುದುಕ, ಯಾರಿಗಾದರೂ ಹೆರಿಗೆಯಾಗಿದೆಯೇ ಎಂದು ಕೇಳಿದ. ಆಗಬೇಕಾಗೇತ್ರೀ ಎಂದಳು ಅವಳು. ಆತ ಗಂಭೀರವಾಗಿ, ದವಾಖಾನೆಯ ಹತ್ತಿರ ಬಸ್ಸು ನಿಲ್ಲಿಸಲು ಕಂಡಕ್ಟರನಿಗೆ ಕೂಗಿ ಹೇಳಿದ.

ಪ್ರಯೋಗಾಲಯದಲ್ಲಿ ಸರ್ ಆಗಲೇ ಬಂದಿದ್ದರು, ಶಿವವ್ವ ಅವರಿಗೂ ಮುಂಚೆ. ಯಾರೂ ಪೆಟ್ಟಿಗೆ ತೆರೆದಿರಲಿಲ್ಲ. ಮನೀಷಾ ಕೈಗವಸು ಹಾಕಿಕೊಂಡಳು. ಮೊದಲನೆಯ ಪ್ರಯತ್ನದಲ್ಲಿ ಎರಡು ಬೆರಳು ಒಂದೇ ತೂತಿಗೆ ಹೋದವು.

ಔಷಧವಿಲ್ಲದ ಬಿಲ್ಲೆಯ ಮೇಲೆ ಆರೂ ಗೀರು ಬೆಳೆದಿದ್ದವು. ಇನ್ನೊಂದನ್ನು ಬೆಳಕಿಗೆ ಹಿಡಿದಳು. ಗುಣಾಕಾರದ ಮೂರೂ ಗೀರು ಬರಿದು, ತೊಳೆದಿಟ್ಟಷ್ಟು ಬರಿದು. ಸೊನ್ನೆಯ ಮೂರೂ ಗೀರು ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗೆ, ದಪ್ಪಗೆ ಎದ್ದಿದ್ದವು. ಸೊನ್ನೆ ಎಂದು ಬರೆದದ್ದೆಲ್ಲ ಬೋಳು ಹುಳ. ಅದೇ ಕಾವಲು ಕೋಶದೊಳಗೆ ಸೊರಗಿದ್ದು, ಅದೇ ಚೀಲ ದಾಟಲಾರದೆ ಅರಗಿಹೋದದ್ದು. ಒಂದಲ್ಲ, ಮೂರು ಸಲ.

ಮನೀಷಾ ಬಿಲ್ಲೆಯನ್ನು ಶಿವವ್ವನ ಕಡೆ ತಿರುಗಿಸಿ ಹಿಡಿದಳು.

“ಹಂಗಾರ ಹಲ್ಲಿಲೇನ ಕಚ್ಚತಿತ್ತು,” ಎಂದಳು ಶಿವವ್ವ.

“ಹಲ್ಲಿಲೇನ,” ಎಂದರು ಸರ್. “ಇನ್ನ ಈ ಬೋಳು ಹುಳದಿಂದ ಲಸಿಕಿ ಹಂಗ ಮೈಗೆ ಕಾವಲು ಕಲಿಸಾಕ ಬರತೈತೇನು, ಅದನ್ನ ನೋಡೂಣು. ಮನೀಷಾ, ಪುಣೆಯವರಿಗೆ ನೀನ ಹೇಳವಾ.”

ಹನ್ನೆರಡಾಗಲು ಇನ್ನೂ ಮೂರು ತಾಸಿತ್ತು. ಮನೀಷಾ ಬಿಲ್ಲೆಯನ್ನು ಪೆಟ್ಟಿಗೆಯಲ್ಲಿಟ್ಟು, ಕೈಗವಸು ಕಿತ್ತು, ಸಾಬೂನು ಹಚ್ಚಿ ಮೊಳಕೈವರೆಗೆ ಕೈ ತೊಳೆದಳು. ಒರೆಸಿಕೊಳ್ಳುವಷ್ಟು ವ್ಯವಧಾನವಿರಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ನಿಂತು ಫೋನು ತೆಗೆದರೆ, ಒದ್ದೆ ಬೆರಳಿಗೆ ಅದು ಯಾರ್‍ಯಾರದೋ ಹೆಸರು ತೋರಿಸತೊಡಗಿತು. ಅವಳು ಬೆರಳನ್ನು ಕುರ್ತಾಕ್ಕೆ ತಿಕ್ಕಿ, ಮತ್ತೆ ಒತ್ತಿದಳು. ಆ ಕಡೆ ಪುಣೆಯಲ್ಲಿ ಫೋನು ಗಂಟೆ ಬಾರಿಸತೊಡಗಿತು.