ಮುಂದಿನ ವರ್ಷದ ಮೊದಲ ಪಿಕ್

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಪುಂಗೋಲ್‌ನ ಒಂದು ಕಾಫಿ ಅಂಗಡಿಯಲ್ಲಿ ಮೂರು ಜನ ಕೂತು ಕರಣ್ ಎಂಬ ಹುಡುಗನ ಹಣೆಬರಹ ನಿರ್ಧರಿಸುತ್ತಿದ್ದರು. ಹುಡುಗ ಅಲ್ಲಿರಲಿಲ್ಲ. ಬಹುಶಃ ಇನ್ನೂ ಎದ್ದೂ ಇರಲಿಲ್ಲ. ಪ್ರಾಕ್ಟೀಸ್ ಮುಗಿಸಿ ಬಂದಿದ್ದ ಮೂವರ ಬೂಟಿಗೂ ಹುಲ್ಲು ಮೆತ್ತಿತ್ತು, ಮೇಜಿನ ಮೇಲೆ ಮೂರು ಲೋಟ ಕೋಪಿ, ಎರಡು ತಟ್ಟೆ ಪರೋಟ, ರಘುನಾಥನ ಟ್ಯಾಬ್.

ಸಿಂಗಪುರದ ಕನ್ನಡಿಗರ ಫುಟ್‌ಬಾಲ್ ಲೀಗ್ ಎಂದರೆ ಎಂಟು ತಂಡ, ತಂಡಕ್ಕೆ ಒಂಬತ್ತು ಜನ, ಜೊತೆಗೆ ಲೆಕ್ಕವಿಲ್ಲದಷ್ಟು ಮಂಡಿನೋವು. ಹೆಸರುಗಳಿಗೇನೂ ಕಮ್ಮಿಯಿರಲಿಲ್ಲ: ಬೂನ್ ಲೇ ಭೀಮರು, ಪಾಸಿರ್ ಪಂಜಾಂಗ್ ಪೈಲ್ವಾನರು, ಪುಂಗೋಲ್ ಪುಂಡರು. ಪುಂಡರಲ್ಲಿ ಒಬ್ಬನಾದರೂ ಪುಂಡನಿದ್ದನೇ ಎಂದರೆ ಇಲ್ಲ. ಹೆಚ್ಚಿನವರು ಸಾಫ್ಟ್‌ವೇರಿನ ಸಾಧುಪ್ರಾಣಿಗಳು, ರೆಫರಿ ಸೀಟಿ ಊದಿದರೆ ತಾವೇ ಮೊದಲು ಸಾರಿ ಕೇಳುವವರು. ಇವರ ಕ್ಯಾಪ್ಟನ್ ಹಾಗೂ ಗೋಲ್‌ಕೀಪರ್ ಯೋಗೇಶ, ವಯಸ್ಸು ನಲವತ್ತೆರಡು. ಎರಡು ವರ್ಷ ಸತತವಾಗಿ ಫೈನಲ್ ತಲುಪಿ, ಎರಡು ವರ್ಷವೂ ಸೋತು, ಕಪ್ಪನ್ನು ಹತ್ತಿರದಿಂದ ನೋಡಿ ಬಂದವನು.

ತಂಡ ಕಟ್ಟುವ ಪದ್ಧತಿಯೂ ಯೋಗೇಶನದೇ. ಅಮೆರಿಕದ ಕ್ಲೈಂಟ್‌ಗೆ ಕೆಲಸ ಮಾಡುತ್ತಿದ್ದಾಗ ಅವರ ಫುಟ್‌ಬಾಲ್‌ನಿಂದ ಎತ್ತಿಕೊಂಡು ಬಂದದ್ದು. ಪ್ರತಿ ತಂಡ ಹಿಂದಿನ ವರ್ಷದ ಆಟಗಾರರಲ್ಲಿ ಮೂವರನ್ನು ಉಳಿಸಿಕೊಳ್ಳುತ್ತದೆ. ಮಿಕ್ಕ ನಲವತ್ತೆಂಟು ಜನರನ್ನು ಕ್ಯಾಪ್ಟನ್‌ಗಳು ಫೆಬ್ರವರಿಯ ಒಂದು ಭಾನುವಾರ ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಆರಿಸುತ್ತಾರೆ, ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ, ಅದೇ ಮೊದಲ ಪಿಕ್. ಬೇಕಿದ್ದರೆ ನಿಮ್ಮ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಅವರದನ್ನು ಪಡೆಯಬಹುದು, ಮುಂದಿನ ವರ್ಷದ ಸರದಿಯನ್ನೂ ಕೊಡಬಹುದು. ಟ್ರೇಡ್ ಎಂಬ ಈ ಕೊಡು-ಕೊಳ್ಳುವ ವಿಷಯ ಬಂತೆಂದರೆ ಸಾಕು, ಆಫೀಸಿನ ಮೀಟಿಂಗಿನಲ್ಲಿ ಬಾಯಿ ಬಿಡದವರೂ ಗಂಟೆಗಟ್ಟಲೆ ವಾದಿಸುತ್ತಿದ್ದರು.

ಈ ವರ್ಷ ಮೊದಲ ಪಿಕ್ ಭೀಮರದು. ಪುಂಡರಿಗೆ ಏಳನೆಯದು. ಕರಣ್ ಇಲ್ಲೇ ಹುಟ್ಟಿ ಬೆಳೆದವನು, ಇಪ್ಪತ್ತೊಂದು ವರ್ಷ, ಚೆಂಡು ಕಾಲಿಗೆ ಸಿಕ್ಕಿದರೆ ಸುತ್ತಲಿನವರು ನಿಂತು ನೋಡಬೇಕು ಹಾಗೆ ಆಡುತ್ತಾನೆ. ಅವನು ಏಳನೆಯ ಸರದಿಯವರೆಗೆ ಉಳಿಯುವ ಮಾತೇ ಇಲ್ಲ. ಆದರೆ ಭೀಮರ ಕ್ಯಾಪ್ಟನ್ ಅಜಯ್ ಹಿಂದಿನ ದಿನ ಒಂದು ಮೆಸೇಜ್ ಹಾಕಿದ್ದ: ನಿಮ್ಮ ಏಳನೆಯದು ಕೊಡಿ, ಜೊತೆಗೆ ಮುಂದಿನ ವರ್ಷದ ಮೊದಲ ಎರಡು ಸುತ್ತಿನ ಪಿಕ್ ಕೊಡಿ, ನನ್ನ ಮೊದಲ ಪಿಕ್ ತೊಗೊಳ್ಳಿ. ಭಾನುವಾರ ಸಂಜೆ ಆರರೊಳಗೆ ಉತ್ತರ ಬೇಕು.

ಪುಂಡರಲ್ಲಿ ಇಂಥದ್ದನ್ನು ನಿರ್ಧರಿಸುವವರು ಮೂವರು. ಯೋಗೇಶ ಒಪ್ಪಿಕೊಳ್ಳೋಣ ಎಂದ. ಅಂಕಿ-ಅಂಶಗಳ ರಘುನಾಥ ಸುತರಾಂ ಬೇಡವೆಂದ. ಇನ್ನೊಬ್ಬಳು ಎಡಬದಿಯಲ್ಲಿ ಆಡುವ ಹತ್ತೊಂಬತ್ತರ ನಿಶ್ಚಿತಾ. ಅವಳು ಪರೋಟ ತಿನ್ನುತ್ತ ಇಬ್ಬರನ್ನೂ ನೋಡುತ್ತಿದ್ದಳು.

ರಘುನಾಥನ ವಾದದಲ್ಲಿ ತಿರುಳಿತ್ತು. ಮುಂದಿನ ವರ್ಷ ನಾಲ್ಕು ಹುಡುಗರು ಇಲ್ಲಿ ಕಡ್ಡಾಯವಾದ ಎರಡು ವರ್ಷದ ಸೈನ್ಯದ ಸೇವೆ ಮುಗಿಸಿ ಹೊರಗೆ ಬರುತ್ತಾರೆ. ನಾಲ್ವರೂ ಚಿಕ್ಕಂದಿನಿಂದ ಆಡಿದವರು, ಈಗಂತೂ ಓಡಿ ಓಡಿ ಕಬ್ಬಿಣವಾಗಿರುತ್ತಾರೆ. ಅಂಥ ವರ್ಷದ ಪಿಕ್ ಎರಡನ್ನೂ ಈಗಲೇ ಎತ್ತಿ ಕೊಡುವುದು ತಲೆ ಕೆಟ್ಟವರ ಕೆಲಸ ಎಂದು ಅವನು ನಾಲ್ಕು ಥರದಲ್ಲಿ ಹೇಳಿದ. ಯೋಗೇಶ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟ. ಮುಂದಿನ ವರ್ಷ ಯಾರು ಕಂಡಿದ್ದಾರೆ, ಕಪ್ಪು ಬೇಕಿರುವುದು ಈ ವರ್ಷ.

ಅವನ ಮಟ್ಟಿಗೆ ಅದು ಬರೀ ಮಾತಾಗಿರಲಿಲ್ಲ. ಅವನಿಗೆ ಮುಂದಿನ ವರ್ಷ ಇರಲಿಲ್ಲ.

2014ರ ಜನವರಿ ಒಂಬತ್ತರಂದು ಅವನ ಕಂಪನಿಯವರು ಇಡೀ ವಿಭಾಗವನ್ನು ಮನಿಲಾಕ್ಕೆ ಶಿಫ್ಟ್ ಮಾಡುವುದಾಗಿ ತಿಳಿಸಿದ್ದರು. ಕೆಲಸ ಹೋದರೆ ವರ್ಕ್ ಪಾಸ್ ಹೋಗುತ್ತದೆ, ಪಾಸ್ ಹೋದರೆ ಊರು ಬಿಡಬೇಕು. ಎಲ್ಲ ಸೇರಿ ಜೂನ್ ಮೂವತ್ತರವರೆಗೆ ಟೈಮು. ಹನ್ನೊಂದು ವರ್ಷ ಇಲ್ಲಿದ್ದವನು, ಪಿಆರ್‌ಗೆ, ಅಂದರೆ ಕಾಯಂ ವಾಸದ ಪರವಾನಗಿಗೆ, ಎರಡು ಸಲ ಅರ್ಜಿ ಹಾಕಿ ಎರಡು ಸಲವೂ ಇಲ್ಲ ಅನ್ನಿಸಿಕೊಂಡವನು. ಹೆಂಡತಿ ಶೋಭಾಳನ್ನು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಫೈನಲ್ ಇದ್ದದ್ದು ಜೂನ್ ಹದಿನೈದಕ್ಕೆ. ಒಂದೇ ಒಂದು ಸಲ ಆ ಕಪ್ಪನ್ನು ಎತ್ತಿಬಿಟ್ಟು ಹೋಗಬೇಕು ಎಂಬ ಆಸೆ ಅವನೊಳಗೆ ಎಷ್ಟು ಬೆಳೆದಿತ್ತೆಂದರೆ, ಎರಡು ಇಂಟರ್‌ವ್ಯೂ ಕೈಕೊಟ್ಟಾಗಲೂ ಅವನು ಮನಸ್ಸಿನಲ್ಲೇ ತಂಡ ಜೋಡಿಸುತ್ತ ಕೂತಿದ್ದ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಅದು ಅವನಿಗೆ ಹೆಮ್ಮೆ ತರುವಂಥದ್ದಲ್ಲ. ಎಲ್ಲ ಆಟಗಾರರ ವಿವರ ಇರುವ ಒಂದು ಶೀಟ್ ಇಡೀ ಲೀಗಿಗೆ ತೆರೆದಿತ್ತು: ಹೆಸರು, ವಯಸ್ಸು, ಆಡುವ ಜಾಗ, ಕೊನೆಯಲ್ಲಿ ವರ್ಕ್ ಪಾಸ್ ಎಂದಿನವರೆಗೆ ಎಂಬ ಕಾಲಂ. ಒಬ್ಬ ಸ್ಟ್ರೈಕರ್ ಸೀಸನ್ ನಡುವೆ ಪಾಸ್ ಮುಗಿದು ಊರಿಗೆ ಹೋದ ಮೇಲೆ, ಮೂರು ವರ್ಷದ ಹಿಂದೆ ಡ್ರಾಫ್ಟಿಗೆ ಮುಂಚೆ ಆ ಕಾಲಂ ಸೇರಿಸಿದವನು ಯೋಗೇಶನೇ. ಅಂದಿನಿಂದ ಕ್ಯಾಪ್ಟನ್‌ಗಳು ಆಟಗಾರನ ಕಾಲು ನೋಡುವ ಮೊದಲು ತಾರೀಖು ನೋಡತೊಡಗಿದರು. ಅದೇ ವರ್ಷ ಅಜಯ್‌ನ ಪಾಸಿಗೆ ಎರಡೇ ತಿಂಗಳು ಬಾಕಿಯಿತ್ತು. ಒಳ್ಳೆಯ ಆಟಗಾರ. ಯೋಗೇಶ ಮೂರನೆಯ ಸುತ್ತಿನಲ್ಲೇ ಆರಿಸುವುದಾಗಿ ಮಾತು ಕೊಟ್ಟಿದ್ದವನು, ತಾರೀಖು ನೋಡಿ ಬಿಟ್ಟುಬಿಟ್ಟ. ಅವನು ಬಿಟ್ಟದ್ದನ್ನು ನೋಡಿ ಎಲ್ಲರೂ ಬಿಟ್ಟರು. ಅಜಯ್ ಡ್ರಾಫ್ಟ್ ನಡೆಯುವ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗದಲ್ಲಿ, ಕಂಬಕ್ಕೊರಗಿ, ಕೈಯಲ್ಲಿ ಮೈಲೋ ಲೋಟ ಹಿಡಿದು, ನಲವತ್ತೇಳು ಹೆಸರು ಕೂಗುವವರೆಗೆ ನಗುಮುಖ ಇಟ್ಟುಕೊಂಡು ನಿಂತಿದ್ದ. ನಲವತ್ತೆಂಟನೆಯವನನ್ನು ಆರಿಸುವ ಅಗತ್ಯ ಇರಲಿಲ್ಲ, ಉಳಿದವನು ಅವನೊಬ್ಬನೇ. ಆಮೇಲೆ ಪಾಸ್ ರಿನ್ಯೂ ಆಯಿತು, ಪಿಆರ್ ಸಿಕ್ಕಿತು, ಭೀಮರ ಕ್ಯಾಪ್ಟನ್ ಕೂಡ ಆದ. ಯೋಗೇಶನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದ, ಆದರೆ ಅಂದಿನಿಂದ ನೀನು ಹೋಗಿ ನೀವು ಬಂದಿತ್ತು.

ಆ ಶೀಟಿನಲ್ಲಿ ಯೋಗೇಶನ ಹೆಸರಿನ ಮುಂದೆ ಇಂದಿಗೂ ಡಿಸೆಂಬರ್ 2016 ಎಂದೇ ಇತ್ತು.

ವಾದ ಹನ್ನೊಂದು ಗಂಟೆಗೆ ಒಂದು ಹದಕ್ಕೆ ಬಂತು. ರಘುನಾಥ ಗಂಟಲು ಆರಿ ಕೋಪಿ ಎತ್ತಿಕೊಂಡ. ನಿಶ್ಚಿತಾ ಕೈ ಒರೆಸಿಕೊಂಡು ಯೋಗೇಶನ ಕಡೆ ತಿರುಗಿದಳು.

"ಸರಿ ಅಂಕಲ್, ನೀವ್ ಹೇಳಿದ್ರೆ ನಂಗೆ ಓಕೆ. ಕಿಟ್ಟಿಗೆ ನಾನೇ ಹೇಳ್ತೀನಿ."

ಕಿಟ್ಟಿ ಅವಳ ಅಣ್ಣ. ಮುಂದಿನ ವರ್ಷ ಸೈನ್ಯದಿಂದ ಹೊರಬರುವ ನಾಲ್ವರಲ್ಲಿ ಒಬ್ಬ. ಹನ್ನೆರಡು ವರ್ಷದವನಿದ್ದಾಗ ಅವನ ಕೈಗೆ ಮೊದಲ ಸಲ ಗ್ಲೌಸ್ ತೊಡಿಸಿ, ಚೆಂಡಿಗೆ ಹೆದರಿ ಕಣ್ಣು ಮುಚ್ಚಬಾರದೆಂದು ಕಲಿಸಿದವನು ಯೋಗೇಶ.

"ಅವನಿಗೇನು ಹೇಳ್ತೀಯಾ?" ಎಂದು ಕೇಳಿದ.

"ನಿಮ್ ಪಿಕ್ ಇಲ್ಲ ಅಂತ. ಪುಂಡರಿಗೇ ಆಡ್ತೀನಿ, ಯೋಗೇಶ್ ಅಂಕಲ್ ನಂಗೋಸ್ಕರ ಪಿಕ್ ಇಟ್ಕೊಂಡಿರ್ತಾರೆ ಅಂತ ಕ್ಯಾಂಪಲ್ಲಿ ಎಲ್ಲರ ಹತ್ರ ಹೇಳ್ಕೊಂಡ್ ಓಡಾಡ್ತಿದಾನೆ. ಪರ್ವಾಗಿಲ್ಲ ಲಾ. ನೆಕ್ಸ್ಟ್ ಇಯರ್ ಬೇರೆ ಟೀಮಲ್ಲಿ ನಿಂತ್ಕೊಂಡು ನಿಮ್ ಎದುರಿಗೇ ಆಡ್ತಾನೆ."

ಇಲ್ಲಿನವರಂತೆ ಮಾತಿಗೊಂದು 'ಲಾ' ಸೇರಿಸಿ ಅವಳು ಹೇಳಿದ್ದು ಚುಚ್ಚಲಲ್ಲ, ಸಮಾಧಾನಕ್ಕೆ. ಯೋಗೇಶ ಕೋಪಿ ಲೋಟ ಕೆಳಗಿಟ್ಟ. ಎದುರಿಗೆ ಆಡಲು ತಾನಿರುವುದಿಲ್ಲ. ಕರಣ್‌ನನ್ನು ತಂದು, ಕಪ್ಪು ಗೆದ್ದು, ಫೋಟೋ ತೆಗೆಸಿಕೊಂಡು ತಾನು ವಿಮಾನ ಹತ್ತುತ್ತೇನೆ, ಮುಂದಿನ ಫೆಬ್ರವರಿಯಲ್ಲಿ ಈ ಇಬ್ಬರು ಬರಿಗೈಯಲ್ಲಿ ಕೂತು ಕಿಟ್ಟಿ ಬೇರೆಯವರ ಪಾಲಾಗುವುದನ್ನು ನೋಡುತ್ತಾರೆ. ಅಷ್ಟನ್ನೂ ಅವನು ಮೊದಲೇ ಯೋಚಿಸಿದ್ದ. ಯೋಚಿಸಿಯೂ ಒಂದೂವರೆ ಗಂಟೆ ವಾದ ಮಾಡಿದ್ದ. ತನ್ನ ಮೇಲೇ ಅವನಿಗೆ ಅಸಹ್ಯವಾಯಿತು.

ಅವನು ಫೋನ್ ತೆಗೆದು ಶೀಟ್ ತೆರೆದ. ಅಜಯ್‌ಗೆ ಒಪ್ಪಿಗೆಯ ಮೆಸೇಜ್ ಹಾಕುತ್ತಿದ್ದಾನೆಂದು ಇಬ್ಬರೂ ತಿಳಿದರು.

"ಯೋಗೇಶ, ನೋಡಿಲ್ಲಿ, ನಿನ್ ಡೇಟ್ ಚೇಂಜ್ ಆಗೋಯ್ತು," ಎಂದ ರಘುನಾಥ ಟ್ಯಾಬ್ ನೋಡುತ್ತ. "ಜೂನ್ ಮೂವತ್ತು ಅಂತ ತೋರಿಸ್ತಿದೆ. ಯಾರೋ ತಪ್ಪು ಒತ್ತಿದಾರೆ."

"ಯಾರೂ ಒತ್ತಿಲ್ಲ. ನಾನೇ. ಅದೇ ಸರಿಯಾದ ಡೇಟು."

ರಘುನಾಥ ಟ್ಯಾಬನ್ನು ಮೇಜಿನ ಮೇಲೆ ಕವುಚಿಟ್ಟ. ಎಂದಿನಿಂದ ಗೊತ್ತು ಎಂದು ಕೇಳಿದ, ಯೋಗೇಶ ಹೇಳಿದ. ಶೋಭಾಗೆ ಗೊತ್ತೇ ಎಂದ, ಗೊತ್ತು ಎಂದ. ಆಮೇಲೆ ರಘುನಾಥ ಎದ್ದು ಹೋಗಿ ಯಾರೂ ಕೇಳದ ಇನ್ನೂ ಮೂರು ಕೋಪಿ ತಂದ. ತಂದವನು ಕೂರಲೂ ಇಲ್ಲ.

"ಟ್ರೇಡ್ ಮಾಡ್ಬಿಡೋಣ," ಎಂದ.

ನಿಶ್ಚಿತಾ ಕಣ್ಣೊರೆಸಿಕೊಳ್ಳುತ್ತ ಹೂಂ ಎಂದು ತಲೆಯಾಡಿಸಿದಳು. ಕಿಟ್ಟಿ ಒಂದು ವರ್ಷ ಎಲ್ಲಿ ಆಡಿದರೇನು, ಅಂಕಲ್‌ಗೆ ಈ ಸಲ ಕಪ್ಪು ಬೇಕು ಎಂದಳು. ಬೆಳಗಿನಿಂದ ಬೇಡ ಬೇಡ ಎಂದು ಕೂಗಿದ ರಘುನಾಥ ಈಗ ಕರಣ್ ಬಂದರೆ ಎಷ್ಟು ಗೋಲು ಹೆಚ್ಚಾಗುತ್ತದೆಂದು ಯೋಗೇಶನಿಗೇ ವಿವರಿಸತೊಡಗಿದ. ಯೋಗೇಶ ಮುಂದಿನ ವರ್ಷದ ನಾಲ್ಕು ಹುಡುಗರ ಬಗ್ಗೆ ರಘುನಾಥನ ಅಂಕಿಗಳನ್ನೇ ಅವನಿಗೆ ಒಪ್ಪಿಸಿದ. ಪಕ್ಕದ ಮೇಜಿನ ಚೀನೀ ಅಜ್ಜ ಪೇಪರ್ ಮಡಚಿಟ್ಟು ಈ ಜಗಳವನ್ನೇ ನೋಡುತ್ತಿದ್ದ. ಕೊನೆಗೆ ಯೋಗೇಶ, ಓಟು ನಿಮ್ಮಿಬ್ಬರದೇ ಇರಬಹುದು, ಮೆಸೇಜ್ ಹೋಗಬೇಕಾದ್ದು ಕ್ಯಾಪ್ಟನ್ ಫೋನಿನಿಂದ, ನಾನು ಕಳಿಸುವುದಿಲ್ಲ ಎಂದುಬಿಟ್ಟ. ಸಂಜೆ ಮನೆಯಲ್ಲಿ ಫೋನನ್ನು ಶೋಭಾಳ ಕೈಗೆ ಕೊಟ್ಟು, ಆರು ಗಂಟೆ ದಾಟುವವರೆಗೆ ಕೊಡಬೇಡ ಎಂದ.

ಆರು ಗಂಟೆ ದಾಟಿತು. ಫೋನ್ ವಾಪಸ್ ಬಂದಾಗ ಅವನು ಶೀಟ್ ನೋಡಿದ. ಪೈಲ್ವಾನರ ಕಡೆಯ ಅವಿನಾಶನ ಹೆಸರಿನ ಮುಂದೆ 2015 ಇದ್ದದ್ದು ಈ ವರ್ಷದ ಜುಲೈ ಆಗಿತ್ತು. ಮರುದಿನ ಎಂಆರ್‌ಟಿ ರೈಲಿನಲ್ಲಿ ನೋಡಿದರೆ ಇನ್ನೂ ಮೂರು ತಾರೀಖು ಬದಲಾಗಿದ್ದವು. ಬುಧವಾರದ ಹೊತ್ತಿಗೆ ಒಟ್ಟು ಏಳು. ಪ್ರತಿ ಭಾನುವಾರ ಒಟ್ಟಿಗೆ ಬೆವರು ಸುರಿಸಿದ ಇಷ್ಟೊಂದು ಜನ ಹೀಗೆ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಓಡುತ್ತಿದ್ದರೆಂದು ಅವನಿಗೆ ಗೊತ್ತಿರಲಿಲ್ಲ. ಮುಚ್ಚಿಡುವಂತೆ ಮಾಡಿದ್ದು ತಾನು ಎಳೆದ ಆ ಕಾಲಂ ಎಂಬುದಂತೂ ಈಗ ಚೆನ್ನಾಗಿ ಗೊತ್ತಾಯಿತು.

ಮುಂದಿನ ಭಾನುವಾರ ಬೂನ್ ಲೇಯ ಒಂದು ವಾಯ್ಡ್ ಡೆಕ್ಕಿನಲ್ಲಿ ಡ್ರಾಫ್ಟ್ ನಡೆಯಿತು. ಕ್ಯಾಪ್ಟನ್‌ಗಳು ಕಲ್ಲುಮೇಜುಗಳ ಸುತ್ತ, ಆಟಗಾರರು ಕಂಬಗಳಿಗೊರಗಿ. ಅಜಯ್ ಮೊದಲ ಪಿಕ್‌ನಲ್ಲಿ ಕರಣ್‌ನ ಹೆಸರು ಹೇಳಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು, ಮೂರು, ನಾಲ್ಕು ಮುಗಿದವು. ಅವಿನಾಶ ಲೀಗಿನ ಒಳ್ಳೆಯ ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬ, ಹೋದ ವರ್ಷ ಎರಡನೆಯ ಪಿಕ್ ಆಗಿದ್ದವನು. ಈ ಸಲ ಅವನ ಹಳೆಯ ಕ್ಯಾಪ್ಟನ್ ಕೂಡ ಶೀಟನ್ನು ಮೇಲಿಂದ ಕೆಳಗೆ ನೋಡಿ ಬೇರೆ ಹೆಸರು ಕೂಗಿದ. ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲಾಗದವನ ಮೇಲೆ ಮೊದಲ ಸುತ್ತಿನ ಪಿಕ್ ಖರ್ಚು ಮಾಡಲು ಯಾರಿಗೂ ಮನಸ್ಸಿರಲಿಲ್ಲ. ಅವಿನಾಶ ಹಿಂದೆ ಒಂದು ಕಂಬಕ್ಕೊರಗಿ ನಗುಮುಖ ಇಟ್ಟುಕೊಂಡು ನಿಂತಿದ್ದ. ಯೋಗೇಶನಿಗೆ ಆ ನಗು ಎಲ್ಲಿ ನೋಡಿದ್ದೆಂದು ಚೆನ್ನಾಗಿ ನೆನಪಿತ್ತು.

ಏಳನೆಯ ಸರದಿ ಬಂತು. ರಘುನಾಥ ಬೆಳಿಗ್ಗೆಯೇ ಗುರುತು ಹಾಕಿಟ್ಟಿದ್ದ ಪಿಆರ್ ಹುಡುಗನ ಹೆಸರನ್ನು ಟ್ಯಾಬಿನಲ್ಲಿ ತೋರಿಸಿದ. ಯೋಗೇಶ ಎದ್ದು ನಿಂತು ಅವಿನಾಶ ಎಂದ.

ಅವಿನಾಶ ತಕ್ಷಣ ಬರಲಿಲ್ಲ, ತನ್ನ ಹೆಸರೇ ಹೌದೋ ಎಂದು ಪಕ್ಕದವನ ಮುಖ ನೋಡಿದ. ರಘುನಾಥ ಯೋಗೇಶನ ಕಿವಿಯ ಹತ್ತಿರ ಬಂದ.

"ಜೂನ್‌ಗೆ ನೀನು, ಜುಲೈಗೆ ಅವನು. ಆಮೇಲೆ ನಾವೇನ್ ಮಾಡ್ಬೇಕು?"

"ಆಮೇಲೆ ಕಿಟ್ಟಿ ಇದಾನೆ," ಎಂದ ಯೋಗೇಶ. "ಫೈನಲ್‌ವರೆಗೆ ಇವನು ನಮ್ಮವನು ತಾನೇ, ಅಷ್ಟು ಸಾಕು."

ಅವಿನಾಶ ಬಂದು ಪುಂಡರ ಸಾಲಿನಲ್ಲಿ ನಿಶ್ಚಿತಾಳ ಪಕ್ಕ ನಿಂತ. ಆಗಲೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಮೊದಲು ತಟ್ಟಿದವನು ಅಜಯ್. ತಟ್ಟುತ್ತಲೇ ಎದ್ದು ಯೋಗೇಶನ ಮೇಜಿನವರೆಗೆ ಬಂದ.

"ಅವತ್ತು ನಂಗೆ ಇಷ್ಟೇ ಬೇಕಿತ್ತು ಕಣೋ," ಎಂದ.

ಮೂರು ವರ್ಷದ ಮೇಲೆ ಅವನ ಬಾಯಲ್ಲಿ ಆ ಸಲಿಗೆ ಮತ್ತೆ ಬಂದಿತ್ತು. ಯೋಗೇಶ ಹೌದು ಎಂದ, ತಪ್ಪಾಯಿತು ಎಂದ. ಅಜಯ್ ಅವನ ಹೆಗಲನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ತನ್ನ ಜಾಗಕ್ಕೆ ಹೋಗಿ ಕೂತ. ಎಂಟನೆಯ ಸರದಿಯವರು ತಾವು ಆರಿಸಿದವನ ಹೆಸರು ಕೂಗಿದರು.