ಅತ್ತ ಮೇಲೆ ಬಿಡಿಸು

ಬಾಗಿಲಿನ ಸೀಳಿನಿಂದ ತೂರಿದ ಕಾಗದ ಆಗಲೇ ಮನೆಯೊಳಗೆ ಬಿದ್ದಾಗಿತ್ತು. ಭಾರತದ ಅಂಚೆಚೀಟಿ, ಬೋಜಪ್ಪ ಮಾವನ ದುಂಡಗಿನ ಅಕ್ಷರ. ಕೆಳಗಿನ ಒಂದು ಮೂಲೆ ಹರಿದಿತ್ತು. ಹಾದಿಯಲ್ಲಿ ಸಿಕ್ಕಿ ಹರಿದದ್ದಲ್ಲ. ಬೆರಳಲ್ಲಿ ಹಿಡಿದು ಬೇಕೆಂದೇ ಹರಿದದ್ದು.

ಚೆನ್ನಕೇಶವ ಅದನ್ನು ಎತ್ತಿಕೊಂಡು, ಬೂಟಿನ ಲೇಸು ಕಟ್ಟದೆಯೇ ಹೊರಗೆ ಓಡಿದ.

ಸಾವಿನ ಸುದ್ದಿಯ ಕಾಗದಕ್ಕೆ ಊರಲ್ಲಿ ಮೂಲೆ ಹರಿದು ಕಳಿಸುವುದು. ಅದನ್ನು ಹೊಸ್ತಿಲು ದಾಟಿಸಬಾರದು. ಅಂಗಳದಲ್ಲಿ ನಿಂತು ಓದಬೇಕು, ಚೂರು ಮಾಡಿ ಬಿಸಾಡಬೇಕು, ಉಟ್ಟ ಬಟ್ಟೆಯಲ್ಲೇ ಮಿಂದು ಒಳಗೆ ಬರಬೇಕು. ಇಂಗ್ಲೆಂಡಿನ ಅಂಚೆಯವನಿಗೆ ಇದೆಲ್ಲ ಯಾರು ಹೇಳುವುದು?

ಬರೆದವನು ಮಾವ, ಆದ್ದರಿಂದ ಮಾವ ಇದ್ದಾನೆ. ಅಪ್ಪ ಸತ್ತು ಹದಿನೈದು ವರ್ಷ. ಇನ್ನು ಉಳಿದದ್ದು ಅವ್ವ ಸೇವಂತಿ ಒಬ್ಬಳೇ. ಹಿಂದಿನ ಕಾಗದದಲ್ಲಿ ಅವಳಿಗೆ ಜ್ವರ ಎಂದಿತ್ತು.

ಅಂದು ಶನಿವಾರ. ಕಾಲೇಜಿನವರು ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕಡಲತೀರದ ಒಂದು ಗುಡ್ಡದ ಊರಿಗೆ ಕರೆದೊಯ್ಯುವುದಿತ್ತು. ರಸ್ತೆಯ ತಿರುವಿನಲ್ಲಿ ಮಹಾಬಲ ರೈ ಕಾಯುತ್ತಿದ್ದ. ಪುತ್ತೂರಿನ ಹತ್ತಿರ ಕಬಕದವನು. ಐವರ್ನಾಡಿನ ಚೆನ್ನಕೇಶವನೂ ಕಬಕದ ಇವನೂ ಊರಲ್ಲಿ ಒಮ್ಮೆಯೂ ಮುಖ ನೋಡದೆ, ಹಾಲು ಬೆಣ್ಣೆಯ ವಿದ್ಯೆ ಕಲಿಯಲು ಇಲ್ಲಿಗೆ ಬಂದು ಗೆಳೆಯರಾಗಿದ್ದರು.

"ಎಂತ ಗೌಡ್ರೆ, ಹಾಲು ಹಿಂಡುವಾಗ ಒದೆ ತಿಂದವನ ಹಾಗೆ ಮುಖ?" ಎಂದವನು ಕಾಗದದ ಮೂಲೆ ಕಂಡು ತಟ್ಟನೆ ಹತ್ತಿರ ಬಂದ. "ತೆರೆ ಮಾರಾಯ," ಎಂದ.

"ತೆರೆದರೆ ಮೀಯಬೇಕು. ಮನೆಯೊಡತಿ ಮುದುಕಿ ಬಚ್ಚಲಿನ ಬೀಗ ತೆಗೆಯುದು ಭಾನುವಾರ ಸಂಜೆ ಮಾತ್ರ. ಓದಿ, ಮೀಯದೆ ನಾಳೆಯವರೆಗೆ ಕೂತುಕೊಳ್ಳುದಾ?"

"ಹಾಗಾದರೆ ಬಸ್ಸು ಹತ್ತು. ಅಲ್ಲಿ ಸಮುದ್ರ ಉಂಟಲ್ಲ."

ಹೀಗೆ ಚೆನ್ನಕೇಶವ ವಿಹಾರಕ್ಕೆ ಹೊರಟ. ಕಾಗದವನ್ನು ಅಂಗಿಯ ಕಿಸೆಗೆ ಹಾಕಿದ. ಎದೆಗೆ ತಾಗುತ್ತದೆಂದು ತೆಗೆದ. ಕೋಟಿಗೆ ಹಾಕಿದ, ಅಲ್ಲಿ ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿದ. ಕಿಟಕಿಯಾಚೆ ಕುರಿಗಳು, ಕಲ್ಲಿನ ಬೇಲಿಗಳು ಓಡುತ್ತಿದ್ದವು. ತೆರೆಯುವವರೆಗೆ ಅವ್ವ ಇದ್ದಾಳೆ ಎಂದುಕೊಂಡ. ಮರುಕ್ಷಣವೇ, ಅವಳು ಹೋಗಿ ಎಷ್ಟು ದಿನವಾಯಿತೋ, ತಾನಿಲ್ಲಿ ಚಾಕಲೇಟು ತಿನ್ನುತ್ತಿದ್ದೆನೋ ಎಂದು ಬೆವರಿದ.

ಬಸ್ಸು ನಿಂತದ್ದು ಗುಡ್ಡದ ನೆತ್ತಿಯಲ್ಲಿ. ಸಮುದ್ರ ಕೆಳಗೆ, ಎಟುಕದಷ್ಟು ದೂರದಲ್ಲಿ ಹೊಳೆಯುತ್ತಿತ್ತು. ಮೇಷ್ಟರು ಮೊದಲು ಹಾಳು ಕೋಟೆ ತೋರಿಸಿದರು, ಆಮೇಲೆ ಇಗರ್ಜಿ, ಆಮೇಲೆ ಚಾ. ಚೆನ್ನಕೇಶವ ಚಾದ ಕಪ್ಪನ್ನು ಎತ್ತಿ ಇಟ್ಟ, ಎತ್ತಿ ಇಟ್ಟ. ಬಿಳಿ ಹಕ್ಕಿಯೊಂದು ಮಹಾಬಲನ ಕೈಯಿಂದ ರೊಟ್ಟಿಯ ಚೂರು ಹಾರಿಸಿಕೊಂಡು ಹೋಯಿತು. "ಇಲ್ಲಿ ಕಾಗೆ ಕೂಡ ಬಿಳಿ ಮಾರಾಯ," ಎಂದ ಮಹಾಬಲ, ನಗಿಸಲಿಕ್ಕೆಂದೇ. ಚೆನ್ನಕೇಶವ ಅಷ್ಟರಲ್ಲಿ ಎದ್ದು ಮೆಟ್ಟಿಲು ಇಳಿಯುತ್ತಿದ್ದ.

ಇನ್ನೂರಕ್ಕೆ ಕಡಿಮೆಯಿಲ್ಲದ ಮೆಟ್ಟಿಲು. ಮೀನಿನ ವಾಸನೆಯ ಓಣಿಗಳನ್ನು ದಾಟಿ, ಮರಳಿಗೆ ಬಂದು, ನೀರಿನ ಅಂಚಿನಲ್ಲಿ ನಿಂತು ಅವನು ಲಕೋಟೆ ಒಡೆದ.

ತಲೆಯಲ್ಲಿ 'ಶ್ರೀ' ಇರಲಿಲ್ಲ, ಕ್ಷೇಮದ ಮಾತಿರಲಿಲ್ಲ. ಒಂದೇ ಸಾಲು: 'ಸೇವಂತಿ ಗುರುವಾರ ಮಧ್ಯಾಹ್ನ ತೀರಿಕೊಂಡಳು.'

ಅಳು ಬರಲಿಲ್ಲ. ಕಾಗದವೂ ಲಕೋಟೆಯೂ ಕೈಯಿಂದ ಜಾರಿದವು. ಬೂಟು ಸಮೇತ ನೀರಿಗೆ ಇಳಿದ. ಕಾಲು ಕತ್ತರಿಸುವಂಥ ತಣ್ಣೀರು ಮೊಣಕಾಲಿಗೆ ಬಂತು. ಇನ್ನೊಂದು ಅಲೆಗೆ ತಲೆ ಬಗ್ಗಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಕೂಗು.

"ನಿಲ್ಲು! ಮುಳುಗಬೇಡ! ಲಕೋಟೆಯಲ್ಲಿ ಇನ್ನೊಂದು ಉಂಟು!"

ಮಹಾಬಲನ ಕೈಯಲ್ಲಿ ಒಂದು ಮಡಿಸಿದ ಹಾಳೆ. ಅಂಚಿಗೆಲ್ಲ ಅನ್ನದ ಅಗುಳು ತಿಕ್ಕಿ ಅಂಟಿಸಿತ್ತು. ಮೇಲೆ ಮಾವನ ಅಕ್ಷರದಲ್ಲಿ: 'ಅತ್ತ ಮೇಲೆ ಬಿಡಿಸು.'

ಇಬ್ಬರೂ ಅದನ್ನು ನೋಡಿದರು. ಮಹಾಬಲನ ಮುಖ ಮೊದಲು ಅರಳಿತು.

"ಕಾಗೆ ಮಾರಾಯ, ಕಾಗೆ! ನಿನ್ನ ಅವ್ವನ ತಲೆಗೆ ಕಾಗೆ ಮುಟ್ಟಿದೆ!"

ಕಾಗೆ ತಲೆಗೆ ಮುಟ್ಟಿದರೆ ಮರಣದ ಸೂಚನೆ. ಅದು ಕಳೆಯಬೇಕಾದರೆ ಹತ್ತಿರದವರಿಗೆ ಸತ್ತರೆಂದು ಸುಳ್ಳು ಸುದ್ದಿ ಕಳಿಸಬೇಕು. ಅವರು ಕಣ್ಣೀರು ಹಾಕಿದರೆ ದೋಷ ತೊಳೆದುಹೋಗುತ್ತದೆ. ಚೆನ್ನಕೇಶವನಿಗೂ ಇದು ಗೊತ್ತಿತ್ತು. ಆದರೆ ಆರು ಸಾವಿರ ಮೈಲಿಯಾಚೆಗೆ ಯಾರಾದರೂ ಸುಳ್ಳು ಸಾವು ಕಳಿಸುತ್ತಾರೆಯೇ?

"ನಮ್ಮ ದೊಡ್ಡಮ್ಮನಿಗೆ ಹೀಗೇ ಆದದ್ದು. ಅತ್ತಿಗೆ ಪುತ್ತೂರಿನಿಂದ ಬಸ್ಸಿನಲ್ಲಿ ಬೊಬ್ಬೆ ಹಾಕುತ್ತಾ ಬಂದರೆ ದೊಡ್ಡಮ್ಮ ಅಂಗಳದಲ್ಲಿ ಹಪ್ಪಳ ಮಗುಚುತ್ತಾ ಕೂತಿದ್ದಾರೆ! ಬಿಡಿಸು, ಬಿಡಿಸು."

"ಬೇಡ." ಚೆನ್ನಕೇಶವ ಹಾಳೆಯನ್ನು ಕಿತ್ತುಕೊಂಡ. "ನಾನು ಅಳಲಿಲ್ಲ."

"ಎಂತ?"

"ಅಳಲಿಲ್ಲ ಮಾರಾಯ! ನನ್ನ ಕಣ್ಣೀರೇ ಬೇಕಾದದ್ದು. ಅದೇ ಬೀಳಲಿಲ್ಲ. ಈಗ ಇದನ್ನು ತೆರೆದರೆ ಕಾಗೆ ಮುಟ್ಟಿದ್ದು ಅವಳ ಮೇಲೆಯೇ ಉಳಿಯುತ್ತದೆ."

"ಹಾಗಾದರೆ ಅಳು."

"ನೀನು ಹೇಳಿಯಾಯಿತಲ್ಲ, ಬದುಕಿದ್ದಾಳೆ ಅಂತ! ಇನ್ನು ಎಲ್ಲಿಂದ ಬರುದು ಅಳು?"

ಮಹಾಬಲ ನಾಲಗೆ ಕಚ್ಚಿಕೊಂಡ. ಚೆನ್ನಕೇಶವ ಮರಳಿನಲ್ಲಿ ಆಚೆ ನಡೆದ, ಈಚೆ ನಡೆದ. ಕಣ್ಣು ತಿಕ್ಕಿಕೊಂಡ. ಉಪ್ಪುನೀರು ತಾಗಿ ಉರಿಯಿತು. ಅದು ಲೆಕ್ಕಕ್ಕೆ ಬರುವುದಿಲ್ಲವೆಂದು ಅವನಿಗೇ ಗೊತ್ತಿತ್ತು. ಮೇಲೆ ಗುಡ್ಡದಲ್ಲಿ ಮೇಷ್ಟರು ಸೀಟಿ ಊದುತ್ತಿದ್ದರು.

ಕೊನೆಗೆ ಅವನು ಒಂದು ಬಂಡೆಯ ಮೇಲೆ ಕುಳಿತ. ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಮಾವ ದೀಪದ ಮುಂದೆ ಪದ್ಯ ಓದುತ್ತಿದ್ದದ್ದು ನೆನಪಾಯಿತು. ಸತ್ತ ಮಗನನ್ನು ತಾಯಿಯೊಬ್ಬಳು ಮಡಿಲಲ್ಲಿಟ್ಟುಕೊಂಡು ಹಾಡಿ ಕರೆಯುವ ಭಾಗ ಬಂದಾಗ, ಅವ್ವ ಸೆರಗು ಬಾಯಿಗಿಟ್ಟು ಅಳುತ್ತಿದ್ದಳು. ವರ್ಷವೂ ಅದೇ ಪದ್ಯ, ವರ್ಷವೂ ಅದೇ ಅಳು. ಎಂಟು ವರ್ಷದ ಚೆನ್ನಕೇಶವ ಒಮ್ಮೆ ಕೇಳಿದ್ದ: "ಕೊನೆಗೆ ಮಗ ಎದ್ದು ಕೂರುತ್ತಾನೆಂದು ನಿನಗೆ ಗೊತ್ತುಂಟಲ್ಲವ್ವ, ಮತ್ತೆ ಯಾಕೆ ಅಳುದು?"

"ನನಗೆ ಗೊತ್ತುಂಟು ಮಗಾ," ಎಂದಿದ್ದಳು. "ಅವಳಿಗೆ ಗೊತ್ತಿಲ್ಲವಲ್ಲ."

ಅವನ ಬಾಯಲ್ಲಿ ಪದ್ಯ ತಾನಾಗಿ ಎದ್ದಿತು, ಮಾವನದೇ ರಾಗದಲ್ಲಿ. ಎರಡು ಸಾಲು ಸರಿಯಾಗಿ ಬಂತು. ಮೂರನೆಯದಕ್ಕೆ ಸ್ವರ ಒಡೆಯಿತು. ಆಮೇಲೆ ಅವನು ಬಂಡೆಯ ಮೇಲೆ ಮುಖವಿಟ್ಟು, ನಾಯಿ ಕಟ್ಟಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡುವಷ್ಟು ಗಟ್ಟಿಯಾಗಿ ಅತ್ತ. ಬೆಳಗಿನಿಂದ ಎಲ್ಲಿತ್ತೋ ಅಷ್ಟೂ ಬಂತು. ಮಹಾಬಲ ದೂರದಲ್ಲೇ, ಬೆನ್ನು ತಿರುಗಿಸಿ ನಿಂತ.

ಹಾಳೆಯನ್ನು ಬಿಡಿಸುವಾಗ ಅನ್ನದ ಅಂಟಿನ ಜಾಗದಲ್ಲಿ ಸ್ವಲ್ಪ ಹರಿಯಿತು.

'ಶ್ರೀ. ಚಿರಂಜೀವಿ ಚೆನ್ನಕೇಶವನಿಗೆ ಆಶೀರ್ವಾದಗಳು. ನಾವೆಲ್ಲ ಕ್ಷೇಮ, ಸೇವಂತಿಯೂ ಕ್ಷೇಮ. ಹಲಸಿನ ಹಪ್ಪಳ ಒಣಗಿಸುವಾಗ ಕಾಗೆ ಮುಟ್ಟಿತು. ನಿನ್ನ ಹೊರತು ಅಳಲಿಕ್ಕೆ ಅವಳಿಗೆ ಯಾರಿದ್ದಾರೆ? ಮೀಯಬೇಡ, ಬದುಕಿದವರಿಗೆ ಮೀಯಲಿಕ್ಕಿಲ್ಲ. ಅವಳು ಮೂರು ದಿನದಿಂದ ನನ್ನೊಡನೆ ಮಾತಾಡುವುದಿಲ್ಲ. ಅಷ್ಟು ದೂರದಲ್ಲಿ ಒಬ್ಬನೇ ಇರುವ ಮಗನನ್ನು ಅಳಿಸುವುದಕ್ಕಿಂತ ತಾನು ಸತ್ತರೇ ಆಗಬಹುದಿತ್ತು ಎಂದಳು.'

"ಎಂತ ಬರೆದಿದ್ದಾರೆ?" ಮಹಾಬಲ ಕೇಳಿದ.

"ಹಪ್ಪಳದ ಸುದ್ದಿ," ಎಂದ ಚೆನ್ನಕೇಶವ. ಒದ್ದೆ ಬೂಟಿನಲ್ಲಿ ಮೆಟ್ಟಿಲು ಹತ್ತುವಾಗ ಮತ್ತೊಮ್ಮೆ ಕಣ್ಣು ತುಂಬಿತು.

ಬಸ್ಸಿನ ಪಕ್ಕದ ಅಂಗಡಿಯಲ್ಲಿ ಸಮುದ್ರದ ಚಿತ್ರವಿದ್ದ ಕಾರ್ಡೊಂದನ್ನು ಕೊಂಡು ಬರೆದ: 'ಅವ್ವಾ, ಮಾವನೊಡನೆ ಮಾತಾಡು. ನಾನು ಚೆನ್ನಾಗಿ ಅತ್ತಿದ್ದೇನೆ.' ನಿಜ ಗೊತ್ತಾಗುವ ಮೊದಲೋ ಆಮೇಲೋ ಎಂದು ಬರೆಯಲಿಲ್ಲ.

ಮೇಷ್ಟರು ಹೆಸರು ಹಿಡಿದು ಕರೆದರು. ಚೆನ್ನಕೇಶವ ಅಂಚೆ ಡಬ್ಬದ ಬಾಯಿಗೆ ಕಾರ್ಡನ್ನು ಹಿಡಿದವನು, ಮತ್ತೆ ಹಿಂದಕ್ಕೆ ಎಳೆದು, ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದ.